ರಾಣಿಪುರಕ್ಕೆ ನಾಲ್ಕು ಸಲ ಹೋದರೂ ಹಕ್ಕಿ ಕಾಣಲಿಲ್ಲ ಎಂದವರಿಗೆ

ಪ್ರಶ್ನೆ: ನಾನು ಮುಳ್ಳೇರಿಯದ ಹತ್ತಿರದವನು. ಶಾಲೆಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಮಗ ಗಲ್ಫಿನಿಂದ ಬರುವಾಗ 20×50ರ ಬೈನಾಕ್ಯುಲರ್ ತಂದುಕೊಟ್ಟ. ಅದನ್ನು ಹಿಡಿದುಕೊಂಡು ನಾಲ್ಕು ಸಲ ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರ ಬೆಟ್ಟಕ್ಕೆ ಹೋಗಿ ಬಂದೆ. ಬೇರೆಯವರು ವಾಟ್ಸಾಪಿನಲ್ಲಿ ಕಪ್ಪೆಬಾಯಿ ಹಕ್ಕಿ, ಕಾಕರಣೆ ಹಕ್ಕಿಯ ಫೋಟೋ ಹಾಕುತ್ತಾರೆ. ನನಗೆ ಕಂಡದ್ದು ಪಿಕಳಾರ, ಮೈನಾ, ಭೀಮರಾಜ ಅಷ್ಟೇ. ಉಳಿದದ್ದೆಲ್ಲ ಬರೀ ಸದ್ದು. ಮೊಬೈಲಿನಲ್ಲಿ ಕೂಗು ಹಾಕಿದರೆ ಹಕ್ಕಿ ಹತ್ತಿರ ಬರುತ್ತದೆ ಎಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದಾ? ಕಣ್ಣಿಗೇ ಬೀಳದ ಹಕ್ಕಿಯನ್ನು ಮೆಚ್ಚುವುದು ಹೇಗೆ?

ಉತ್ತರ: ಮಾಷ್ಟ್ರೇ, ನಿಮ್ಮ ಪತ್ರ ಓದುತ್ತಾ 'ಬರೀ ಸದ್ದು' ಎಂಬಲ್ಲಿ ನಿಂತುಬಿಟ್ಟೆ. ಆ 'ಬರೀ' ಒಂದನ್ನು ತೆಗೆದುಹಾಕಿ. ಬೆಟ್ಟದ ಕಾಡಿನಲ್ಲಿ ಹಕ್ಕಿಯ ಪರಿಚಯ ಆಗುವುದೇ ಕಿವಿಯಿಂದ. ಕಣ್ಣಿಗೂ ಬಿದ್ದರೆ ಅದು ಆ ದಿನದ ಹೆಚ್ಚಿನ ಗಳಿಕೆ. ನಾಲ್ಕು ಸಲ ಹೋಗಿ ನಾಲ್ಕು ಸಲವೂ ನೀವು ಆ ಹಕ್ಕಿಗಳ ಮಧ್ಯದಲ್ಲೇ ಇದ್ದಿರಿ. ಅದರಲ್ಲಿ ನನಗೆ ಸಂಶಯ ಇಲ್ಲ.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 2015ರಿಂದ 2020ರ ತನಕ ಕೇರಳದ ಹಕ್ಕಿ ನಕ್ಷೆಯ ಕೆಲಸ ನಡೆಯಿತು. ಸಾವಿರಕ್ಕೂ ಜಾಸ್ತಿ ಜನ ಮಳೆಗಾಲದಲ್ಲೂ ಬೇಸಗೆಯಲ್ಲೂ ಊರೂರು ತಿರುಗಿ ಸುಮಾರು 3 ಲಕ್ಷ ದಾಖಲೆ ಮಾಡಿದರು. 361 ಜಾತಿಯ ಹಕ್ಕಿಗಳು ಸಿಕ್ಕಿದವು. ಅಂಥ ಕೆಲಸದಲ್ಲಿ ಕಣ್ಣಾರೆ ಕಂಡ ಹಕ್ಕಿಯನ್ನೂ ಬರೆದುಕೊಳ್ಳುತ್ತಾರೆ, ಕಿವಿಯಾರೆ ಕೇಳಿದ ಹಕ್ಕಿಯನ್ನೂ ಬರೆದುಕೊಳ್ಳುತ್ತಾರೆ. ಎರಡಕ್ಕೂ ಒಂದೇ ಬೆಲೆ. ಕೇಳಿದ್ದನ್ನು ಬಿಟ್ಟುಬಿಟ್ಟರೆ ದಟ್ಟ ಕಾಡಿನ ಲೆಕ್ಕವೇ ತಪ್ಪಿಹೋಗುತ್ತದೆ.

ಈಗ ನಿಮ್ಮ ಬೈನಾಕ್ಯುಲರ್ ವಿಷಯ. ಮಗ ಪ್ರೀತಿಯಿಂದ ತಂದದ್ದು, ಆದರೆ ಅದು ಕಾಡಿಗೆ ಹೇಳಿದ್ದಲ್ಲ. 20 ಎಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು, 50 ಎಂದರೆ ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂದು. 50ನ್ನು 20ರಿಂದ ಭಾಗಿಸಿ. 2.5 ಬರುತ್ತದೆ. ಅಂದರೆ ಕಣ್ಣಿಗೆ ಬಂದು ಸೇರುವ ಬೆಳಕಿನ ಬಿಲ್ಲೆಯ ಅಗಲ ಎರಡೂವರೆ ಮಿಲಿಮೀಟರ್. 8×42 ಆದರೆ ಐದಕ್ಕಿಂತ ಜಾಸ್ತಿ. ಹಟ್ಟ ಹಗಲಲ್ಲೂ ಕತ್ತಲಿರುವ ಕಾಡಿನೊಳಗೆ ಇದು ದೊಡ್ಡ ವ್ಯತ್ಯಾಸ. 20 ಪಟ್ಟು ಹಿಗ್ಗಿಸಿದಾಗ ಕೈಯ ನಡುಕವೂ 20 ಪಟ್ಟು ಹಿಗ್ಗುತ್ತದೆ, ನೋಟದ ಅಗಲ ಕುಗ್ಗುತ್ತದೆ. ಹಕ್ಕಿ ಯಾವ ಕೊಂಬೆಯಲ್ಲಿದೆ ಎಂದು ಹುಡುಕಿ ಮುಗಿಯುವಷ್ಟರಲ್ಲಿ ಅದು ಹೋಗಿರುತ್ತದೆ. ಅದನ್ನು ಕುಂಬಳೆ ಕಡಲಬದಿಗೆ ತೆಗೆದುಕೊಂಡು ಹೋಗಿ. ಎಲ್ಲಾದರೂ ಊರಿಟ್ಟುಕೊಂಡು ಬಿಳಿಹೊಟ್ಟೆಯ ಕಡಲಗಿಡುಗ ನೋಡಲು ಒಳ್ಳೆಯದಾಗುತ್ತದೆ. ಬಯಲಲ್ಲಿ ಬೆಳಕಿಗೆ ಬರವಿಲ್ಲ ಅಲ್ವಾ. ಕಾಡಿಗೆ 8×42 ಸಾಕು. ಎರವಲು ಸಿಕ್ಕಿದರೆ ಮೊದಲು ಹಾಗೇ ಒಂದು ಬೆಳಗ್ಗೆ ನೋಡಿ, ಆಮೇಲೆ ಕೊಳ್ಳಿ.

ಇನ್ನೊಂದು. ರಾಣಿಪುರಕ್ಕೆ ಹೋದವರೆಲ್ಲ ಮೇಲಿನ ಹುಲ್ಲುಗುಡ್ಡಕ್ಕೆ ಓಡುತ್ತಾರೆ. ಗಾಳಿ, ಮಂಜು, ದೂರದ ಕೊಡಗಿನ ಬೆಟ್ಟಸಾಲು, ಎಲ್ಲ ಚೆಂದವೇ. ಆದರೆ ನೀವು ಕೇಳಿದ ಹಕ್ಕಿಗಳು ಇರುವುದು ನಡುದಾರಿಯ ಕಾಡಿನಲ್ಲಿ. ನಾವು ಏದುಸಿರು ಬಿಡುತ್ತಾ, ಮಾತಾಡುತ್ತಾ, ಬೇಗ ದಾಟಿಹೋಗುವ ಆ ನೆರಳಿನ ತುಂಡು ಇದೆಯಲ್ಲ, ಅಲ್ಲಿ. ಮುಂದಿನ ಸಲ ತುದಿಗೆ ಹೋಗಲೇಬೇಡಿ.

ಮೊದಲು ಕಾಕರಣೆ ಹಕ್ಕಿಯ ಕಥೆ ಹೇಳುತ್ತೇನೆ. ಮಲಯಾಳದಲ್ಲಿ ಇದಕ್ಕೆ ತೀಕಾಕ ಎಂದು ಹೆಸರು, ಬೆಂಕಿ ಕಾಗೆ. ಗಂಡಿನ ಹೊಟ್ಟೆ ಕೆಂಡದ ಹಾಗೆ ಕೆಂಪು. ತಲೆ, ಎದೆ ಕಪ್ಪು, ಕಪ್ಪಿಗೂ ಕೆಂಪಿಗೂ ನಡುವೆ ಬಿಳಿ ದಾರ ಕಟ್ಟಿದ ಹಾಗೆ ಒಂದು ಪಟ್ಟಿ. ಇಷ್ಟು ಬಣ್ಣ ಇರುವ ಹಕ್ಕಿ ಯಾಕೆ ಕಾಣುವುದಿಲ್ಲ? ಅದು ನಮಗೆ ಬೆನ್ನು ಹಾಕಿ ಕೂರುತ್ತದೆ. ಬೆನ್ನು ಒಣಎಲೆಯ ಕಂದು. ಜನರ ಸುಳಿವು ಸಿಕ್ಕಿದ ಕೂಡಲೇ ಕೊಂಬೆಯ ಮೇಲೇ ಮೆಲ್ಲ ತಿರುಗಿ ಕೆಂಪನ್ನು ಆ ಕಡೆಗೆ ಮಾಡಿಕೊಳ್ಳುತ್ತದೆ. ಆಮೇಲೆ ಅಲ್ಲಾಡುವುದೇ ಇಲ್ಲ. ಕಾಡಿನಲ್ಲಿ ನಮ್ಮ ಕಣ್ಣು ಹಿಡಿಯುವುದು ಅಲುಗಾಟವನ್ನು. ಅಲುಗಾಟ ಇಲ್ಲದಿದ್ದರೆ ಹತ್ತು ಮೀಟರ್ ದೂರದ ಹಕ್ಕಿಯೂ ಕೊಂಬೆಯೊಳಗೇ ಸೇರಿಹೋಗುತ್ತದೆ.

ಇದರ ಕಾಲನ್ನೂ ಸ್ವಲ್ಪ ನೋಡಬೇಕು. ಸಾಮಾನ್ಯ ಹಕ್ಕಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಮರಕುಟಿಗನಿಗೆ ಎರಡು ಮುಂದೆ, ಎರಡು ಹಿಂದೆ. ಕಾಕರಣೆಯ ಬಳಗಕ್ಕೂ ಎರಡು ಮುಂದೆ, ಎರಡು ಹಿಂದೆಯೇ. ಆದರೆ ಹಿಂದಕ್ಕೆ ತಿರುಗಿದ ಬೆರಳುಗಳು ಬೇರೆ. ಮರಕುಟಿಗನಲ್ಲಿ ಒಂದನೆಯದೂ ನಾಲ್ಕನೆಯದೂ ಹಿಂದೆ ಇರುತ್ತವೆ, ಇದರಲ್ಲಿ ಒಂದನೆಯದೂ ಎರಡನೆಯದೂ. ಹಕ್ಕಿಗಳ ಇಡೀ ಲೋಕದಲ್ಲಿ ಇಂಥ ಕಾಲು ಈ ಒಂದು ಬಳಗಕ್ಕೆ ಮಾತ್ರ. ನನಗೆ ಇದು ತಿಳಿದ ಮೇಲೆ ಆ ಹಕ್ಕಿಯನ್ನು ಕಾಣದ ದಿನವೂ ಅದರ ಬಗ್ಗೆ ಯೋಚಿಸುತ್ತಾ ಕೂರುವುದು ಖುಷಿಯಾಯಿತು.

ಗೂಡು ಮಾಡುವುದು ಸತ್ತು ಮೆದುವಾದ ಮರದ ಬೊಡ್ಡೆಯಲ್ಲಿ. ಮರಕುಟಿಗನ ಹಾಗೆ ಗಟ್ಟಿ ಮರ ಕೊರೆಯುವ ಕೊಕ್ಕು ಇದಕ್ಕಿಲ್ಲ. ಕೊಳೆತು ಪುಡಿಪುಡಿಯಾದ ಮರವೇ ಬೇಕು. ಗಂಡು ಹೆಣ್ಣು ಎರಡೂ ಸೇರಿ ಕೊರೆದು ಎರಡು ಮೊಟ್ಟೆ ಇಡುತ್ತವೆ. ಮರಿ ಹಾರಿದ ಮೇಲೂ ತಿಂಗಳುಗಟ್ಟಲೆ ಅದಕ್ಕೆ ಉಣಿಸುತ್ತವೆ. ಹಾಗಾಗಿ ಕಾಡಂಚಿನ ಒಣಮರವನ್ನು ಸೌದೆ ಎಂದು ಕಡಿದಾಗ ಹೋಗುವುದು ಸೌದೆ ಮಾತ್ರ ಅಲ್ಲ. ನಿಮ್ಮ ಜಾಗದ ಮೇಲ್ಬದಿಯ ಗುಡ್ಡೆಯಲ್ಲಿ ಸತ್ತ ಮರ ಇದ್ದು, ಅದು ಯಾರ ತಲೆಗೂ ಬೀಳುವ ಹಾಗೆ ಇಲ್ಲದಿದ್ದರೆ, ದಯವಿಟ್ಟು ಹಾಗೇ ಬಿಡಿ.

ಈಗ ಕಪ್ಪೆಬಾಯಿ. ಮಲಯಾಳದ ಮಾಕಾಚಿಕ್ಕಾಡ. ಇದು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಭೂಮಿಯ ಬೇರೆಲ್ಲೂ ಇಲ್ಲ. ಗಾತ್ರ ಮೈನಾದಷ್ಟೇ. ರಾತ್ರಿ ಹುಳ ಹಿಡಿಯುತ್ತದೆ, ಹಗಲಿಡೀ ಬೆತ್ತದ ಪೊದೆಯಲ್ಲೋ ಬಿದಿರು ಹಿಂಡಿಲಿನಲ್ಲೋ ಜೋಡಿಯಾಗಿ ಅಂಟಿಕೊಂಡು ಕೂರುತ್ತದೆ. ಗಂಡು ಬೂದು, ಹೆಣ್ಣು ಒಣಎಲೆಯ ಕೆಂಗಂದು.

ನಾನು ಮೊದಲ ಸಲ ನೋಡಿದ್ದು ಪಾಣತ್ತೂರಿನ ಆಚೆ, ಒಂದು ಫೆಬ್ರವರಿಯಲ್ಲಿ. ಕಾಡು ಗೊತ್ತಿದ್ದ ಹಿರಿಯರೊಬ್ಬರು ಜೊತೆಗಿದ್ದರು. ಅವರು ಒಂದು ಪೊದೆಯ ಎದುರು ನಿಂತು ಕೈ ಎತ್ತದೆ ಗಲ್ಲದಿಂದ ಮಾತ್ರ ತೋರಿಸಿದರು. ಪೊದೆ ನನ್ನಿಂದ ಮೂರು ಮೀಟರ್ ಇರಬಹುದು. ನೋಡಿದೆ, ನೋಡಿದೆ, ಏನೂ ಇಲ್ಲ. ಒಣಎಲೆ, ಬಳ್ಳಿ, ಮುರಿದ ಗೆಲ್ಲು. ಐದು ನಿಮಿಷ ಆದ ಮೇಲೆ ಒಂದು 'ಒಣಎಲೆ'ಯ ಅಂಚಿನಲ್ಲಿ ಸಣ್ಣ ಗೀಟು ಕಂಡಿತು. ಅದು ಅರೆ ಮುಚ್ಚಿದ ಕಣ್ಣು. ಅಲ್ಲಿಂದ ಒಂದೊಂದೇ ಬಿಚ್ಚಿಕೊಂಡಿತು. ಕಣ್ಣಿನ ಕೆಳಗೆ ಅಗಲ ಬಾಯಿ, ಬಾಯಿಯ ಸುತ್ತ ಗಡುಸಾದ ಮೀಸೆಯಂಥ ರೋಮ, ರೆಕ್ಕೆಯ ಮೇಲೆ ಸುಣ್ಣದ ಚುಕ್ಕೆ. ಅದರ ಪಕ್ಕದ ಇನ್ನೊಂದು 'ಒಣಎಲೆ' ಹೆಣ್ಣು. ನಮ್ಮನ್ನು ಕಂಡ ಗಂಡು ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ ಕೊಕ್ಕನ್ನು ಮೇಲಕ್ಕೆತ್ತಿತು. ಪೂರ್ತಿ ಎತ್ತಿದ ಮೇಲೆ ನಾನು ಕಂಡಿದ್ದ ಹಕ್ಕಿ ಮತ್ತೆ ಮುರಿದ ಗೆಲ್ಲಾಗಿಬಿಟ್ಟಿತು. ಹಿರಿಯರು ನನ್ನ ಅಂಗಿ ಎಳೆದರು, ಸಾಕು, ಹೋಗೋಣ ಎಂದು. ನಾವು ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆವು.

ಕಪ್ಪೆಬಾಯಿಯ ಗೂಡು ಹೇಗಿರುತ್ತದೆ ಗೊತ್ತುಂಟಾ? ತನ್ನದೇ ಮೈಯ ನವಿರು ಪುಕ್ಕದ ಒಂದು ಪುಟ್ಟ ಮೆತ್ತೆ. ಹೊರಗಿನಿಂದ ಮರದ ಸಿಪ್ಪೆ, ಕಲ್ಲುಹೂವು ಅಂಟಿಸಿ ಮುಚ್ಚಿರುತ್ತದೆ. ಅದರಲ್ಲಿ ಒಂದೇ ಒಂದು ಬಿಳಿ ಮೊಟ್ಟೆ. ವರ್ಷಕ್ಕೆ ಇಷ್ಟು ಕಡಿಮೆ ಮರಿ ಮಾಡುವ ಹಕ್ಕಿಗೆ ಒಂದು ಸಲದ ತೊಂದರೆಯೂ ದೊಡ್ಡದೇ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಕೆಲವು ವರ್ಷಗಳ ನಂತರ ಇನ್ನೊಂದು ಕಡೆ ಇಂಥದ್ದೇ ಜೋಡಿ ಕೂರುವ ಜಾಗ ಸುದ್ದಿಯಾಯಿತು. ಕ್ಯಾಮೆರಾ ಹಿಡಿದವರ ಒಂದು ಗುಂಪು ಬಂದಿತು. ಎಲೆ ಅಡ್ಡ ಬರುತ್ತದೆ ಎಂದು ಸುತ್ತಲಿನ ಗೆಲ್ಲುಗಳನ್ನು ಕತ್ತಿಯಲ್ಲಿ ಸವರಿದರು. ಫೋಟೋ ಬಹಳ ಚೆನ್ನಾಗಿ ಬಂತು, ನಾನೂ ನೋಡಿದ್ದೇನೆ. ಮುಂದಿನ ವಾರ ನಾನು ಹೋದಾಗ ಗೆಲ್ಲು ಖಾಲಿ. ತಿಂಗಳುಗಟ್ಟಲೆ ಒಂದೇ ಗೆಲ್ಲಿನಲ್ಲಿ ಕೂರುವ ಹಕ್ಕಿ ಅದು. ಎಲೆಯ ಮರೆಯೇ ಹೋದ ಮೇಲೆ ಏನನ್ನು ನಂಬಿ ಕೂರಬೇಕು? ಆ ಖಾಲಿ ಗೆಲ್ಲು ಈಗಲೂ ನನ್ನ ಕಣ್ಣಲ್ಲಿದೆ. ವಾಟ್ಸಾಪಿನ ಫೋಟೋ ನೋಡಿ ನಿಮಗೆ ಹೊಟ್ಟೆ ಉರಿಯುವುದು ಬೇಡ ಮಾಷ್ಟ್ರೇ. ಎಷ್ಟೋ ಫೋಟೋ ಒಳ್ಳೆಯವರು ತಾಳ್ಮೆಯಿಂದ ತೆಗೆದದ್ದು. ಕೆಲವು ಹೀಗೆ ತೆಗೆದದ್ದು. ಫೋಟೋ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಕಪ್ಪೆಬಾಯಿಯನ್ನು ಹುಡುಕಿ ಹೋಗುವುದಕ್ಕಿಂತ ಕೇಳಲು ಹೋಗಿ. ಸಂಜೆ ಮಬ್ಬಾಗುವಾಗ, ಬೆಳಗಾಗುವ ಮುಂಚೆ, ಕಾಡಿನ ಬದಿಯ ಮನೆಯ ಜಗಲಿಯಲ್ಲಿ ಕೂತರೂ ಸಾಕು. ಹೆಣ್ಣು ಮೇಲಿನಿಂದ ಕೆಳಕ್ಕೆ ಜಾರುವ ಕರ್ಕಶ ನಗುವಿನಂಥ ಕೂಗು ಹಾಕುತ್ತದೆ. ಗಂಡು ಕೊಳಕ್ ಕೊಳಕ್ ಎಂದು ಬೇಗಬೇಗ. ಗೊತ್ತಿಲ್ಲದವರು ಹೆದರಿಕೊಳ್ಳುವ ಸದ್ದು. ಅಡೂರು, ದೇಲಂಪಾಡಿ ಕಡೆ ಕಾಡಿಗೆ ತಾಗಿದ ಮನೆ ಇರುವ ನೆಂಟರು ನಿಮಗೆ ಇರಬಹುದು. ಅವರ ಮನೆಯಲ್ಲಿ ಒಂದು ರಾತ್ರಿ ಉಳಿದುಕೊಂಡು ಕಿವಿ ಕೊಡಿ. ಆನೆ ಓಡಾಡುವ ಜಾಗ, ಮುಸ್ಸಂಜೆಯಲ್ಲಿ ಕಾಡಿನೊಳಗೆ ಕಾಲಿಡಬೇಡಿ.

ಮೊಬೈಲಿನಲ್ಲಿ ಕೂಗು ಹಾಕಬಹುದಾ ಎಂದು ಕೇಳಿದ್ದೀರಿ. ಬೇಡ. ಹಕ್ಕಿ ಬರುತ್ತದೆ, ನಿಜ. ಆದರೆ ಯಾಕೆ ಬರುತ್ತದೆ ನೋಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಎಂದುಕೊಂಡು ಜಗಳಕ್ಕೆ ಬರುತ್ತದೆ. ಫೆಬ್ರವರಿಯಿಂದ ಮೇ ತನಕ, ನಾವು ಕಾಡಿಗೆ ಜಾಸ್ತಿ ಹೋಗುವ ತಿಂಗಳುಗಳಲ್ಲೇ, ಇವುಗಳಲ್ಲಿ ಬಹಳಷ್ಟಕ್ಕೆ ಗೂಡಿನ ಕಾಲ. ಇಲ್ಲದ ಶತ್ರುವನ್ನು ಹುಡುಕುತ್ತಾ ಹಕ್ಕಿ ಅಲೆಯುತ್ತದೆ, ಅತ್ತ ಮೊಟ್ಟೆ ತಣ್ಣಗಾಗುತ್ತದೆ. ನೀವು ಒಬ್ಬರು ಒಮ್ಮೆ ಮಾಡಿದರೆ ದೊಡ್ಡ ಕೇಡಿಲ್ಲ ಎನ್ನಬಹುದು. ಆದರೆ ರಾಣಿಪುರದ ಅದೇ ದಾರಿಯಲ್ಲಿ ಅದೇ ಹಕ್ಕಿಗೆ ವಾರವಾರವೂ ಹತ್ತು ಜನ ಹಾಕುತ್ತಾರೆ.

ಕೂಗು ಕಲಿಯಲು ಮೊಬೈಲ್ ಬೇಕಾದರೆ ಮನೆಯಲ್ಲಿ ಕೇಳಿ. ಮರ್ಲಿನ್ ಎಂಬ ಆ್ಯಪ್ ಇದೆ, ದುಡ್ಡಿಲ್ಲ, ಸದ್ದು ಕೇಳಿ ಹೆಸರು ಹೇಳುತ್ತದೆ. ಪೂರ್ತಿ ನಂಬಬೇಡಿ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಕದ್ದು ಹಾಡುತ್ತದೆ, ಆ್ಯಪ್ ಮೋಸ ಹೋಗುತ್ತದೆ.

ಭೀಮರಾಜ ಎಂದಾಗ ನೆನಪಾಯಿತು. 'ಭೀಮರಾಜ ಅಷ್ಟೇ' ಎಂದು ಬರೆದಿದ್ದೀರಿ. ಆ ಹಕ್ಕಿಯೇ ನಿಮಗೆ ದಾರಿ ತೋರಿಸುವವನು. ಕಾಡಿನಲ್ಲಿ ಹಲವು ಜಾತಿಯ ಹಕ್ಕಿಗಳು ಒಟ್ಟು ಸೇರಿ ಮೇಯುತ್ತಾ ಹೋಗುತ್ತವೆ. ನೆಲದಲ್ಲಿ ಹರಟೆಮಲ್ಲಗಳು ಎಲೆ ಮಗುಚುತ್ತವೆ, ಕಾಂಡದಲ್ಲಿ ಮರಕುಟಿಗ, ಎಲೆಯ ನಡುವೆ ನೊಣಹಿಡುಕಗಳು. ಭೀಮರಾಜ ಮೇಲೆ ಕಾವಲು. ಗಿಡುಗ ಬಂದರೆ ಮೊದಲು ಅವನೇ ಕೂಗುತ್ತಾನೆ, ಉಳಿದವು ಎಬ್ಬಿಸಿದ ಹುಳದಲ್ಲಿ ಪಾಲು ತೆಗೆದುಕೊಳ್ಳುತ್ತಾನೆ. ಈ ದಂಡಿನ ಹಿಂದೆ ಹಿಂದೆ, ಸ್ವಲ್ಪ ಕೆಳಗಿನ ಕೊಂಬೆಯಲ್ಲಿ, ಎಷ್ಟೋ ಸಲ ಕಾಕರಣೆ ಬರುತ್ತದೆ. ಹಾಗಾಗಿ ಭೀಮರಾಜನ ಸದ್ದು ಕೇಳಿದರೆ ನಡಿಗೆ ನಿಲ್ಲಿಸಿ. ಅವನ ಹಿಂದೆ ಓಡಬೇಡಿ, ದಂಡೇ ನಿಮ್ಮ ಮೇಲಿಂದ ಹಾದುಹೋಗಲಿ. ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಮೊದಲು ಒಂದು ಗಂಟೆ, ನಂತರ ಒಂದು ಗಂಟೆ ಕಾಡು ಖಾಲಿ ಎನಿಸಬಹುದು. ನಿಮ್ಮ ನಾಲ್ಕು ಪ್ರಯಾಣವೂ ಈ ಖಾಲಿ ಹೊತ್ತಿನಲ್ಲೇ ನಡೆದುಹೋದ ಹಾಗೆ ಕಾಣುತ್ತದೆ.

ಕೂರುವುದು ಹೇಗೆ? ತೋಡಿನ ತಿರುವು ಒಳ್ಳೆಯ ಜಾಗ. ಹಣ್ಣು ಬಿಟ್ಟ ಗೋಳಿ ಮರ ಇನ್ನೂ ಒಳ್ಳೆಯದು. ಮರಕ್ಕೆ ಬೆನ್ನು ಕೊಟ್ಟು ಕೂತುಕೊಳ್ಳಿ, ಬಿಳಿ ಅಂಗಿ ಬೇಡ, ಬೆರಳು ತೋರಿಸುವುದು ಬೇಡ. ನಲವತ್ತು ನಿಮಿಷ ಏಳಬಾರದು. ಮೊದಲ ಹದಿನೈದು ನಿಮಿಷ ಕಾಡು ನಿಮ್ಮನ್ನು ಮರೆಯಲು ಬೇಕು. ಮಳೆ ಬಿದ್ದ ಮೇಲಾದರೆ ಉಂಬಳಗಳ ಕಾಟ, ಕಾಲಿಗೆ ಸುಣ್ಣ ಹೊಗೆಸೊಪ್ಪು ಸವರಿಕೊಳ್ಳಿ.

ಜೊತೆಗೆ ಒಂದು ಪುಸ್ತಕ ಇಟ್ಟುಕೊಳ್ಳಿ. ಕೇಳಿದ ಕೂಗನ್ನು ಕೇಳಿದ ಹಾಗೇ ಅಕ್ಷರದಲ್ಲಿ ಬರೆಯಿರಿ. ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು, ಇದು ನಿಮಗೆ ಸುಲಭ. ನಮ್ಮ ಹಿರಿಯರೂ ಹೀಗೇ ಹೆಸರಿಟ್ಟರು ಅಲ್ವಾ? ಕುಟ್ರು ಕುಟ್ರು ಎನ್ನುವುದು ಕುಟ್ರುಹಕ್ಕಿ. ಗುಮ್ ಎನ್ನುವುದು ಗುಮ್ಮ. ಕಾಣುವ ಮೊದಲೇ ಕೇಳಿದ ಜನ ಇಟ್ಟ ಹೆಸರುಗಳು ಇವು. ಪಚ್ಚೆ ಪಾರಿವಾಳ ಕಾಡಿನ ನೆಲದಲ್ಲಿ ನಡೆಯುವುದು ಕಣ್ಣಿಗೆ ಬೀಳುವುದೇ ಅಪರೂಪ, ಕಂಡರೂ ಒಂದು ಹಸಿರು ಮಿಂಚು ಹಾರಿಹೋದ ಹಾಗೆ. ಆದರೆ ಅದರ 'ಹೂಂ… ಹೂಂ…' ಎಂಬ ತಗ್ಗಿನ ದನಿ ಪೊದೆಗಳನ್ನು ದಾಟಿ ಬಹಳ ದೂರ ಬರುತ್ತದೆ. ತಗ್ಗು ದನಿಯನ್ನು ಎಲೆಗಳು ಅಷ್ಟಾಗಿ ತಡೆಯುವುದಿಲ್ಲ.

ಸಿಳ್ಳಾರನನ್ನು ನೀವು ಖಂಡಿತ ಕೇಳಿದ್ದೀರಿ. ಮುಂಗಾರು ಹಿಡಿದ ಮೇಲೆ, ನಸುಕಿನಲ್ಲಿ, ತೋಡಿನ ಹತ್ತಿರ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕುತ್ತಾ ಹೋದ ಹಾಗೆ. ನಾನು ಸಣ್ಣವನಿದ್ದಾಗ ಅಡಕೆ ಕೊಯ್ಯುವವರು ಇಷ್ಟು ಬೇಗ ಬಂದರಾ ಎಂದು ಎದ್ದು ಹೋಗಿ ನೋಡಿದ್ದುಂಟು. ಕಲ್ಲಿನ ಮೇಲೆ ಕಪ್ಪು ಹಕ್ಕಿ ಕೂತಿತ್ತು. ಬೆಳಕು ಸ್ವಲ್ಪ ಏರಿದಾಗ ಹಣೆ, ಭುಜ ನೀಲಿಯಾಗಿ ಹೊಳೆದವು. ಇಂಗ್ಲಿಷರು ಇದನ್ನು 'ಸಿಳ್ಳೆ ಹಾಕುವ ಶಾಲೆ ಹುಡುಗ' ಎಂದು ಕರೆದರು, ಮಲಯಾಳದಲ್ಲಿ ಚೂಳಕಾಕ.

ಒಂದು ಹಕ್ಕಿಯನ್ನು ಮಾತ್ರ ರಾಣಿಪುರದಲ್ಲಿ ಹುಡುಕಬೇಡಿ. ನೀಲಗಿರಿಯ ನೀಲಿ ರಾಬಿನ್. ಶೋಲಾ, ಅಂದರೆ ಎತ್ತರದ ಬೆಟ್ಟದ ಮಡಿಲಲ್ಲಿ ಬೆಳೆಯುವ ದಟ್ಟ ಕುಳ್ಳು ಕಾಡು, ಅದರ ನೆಲಕ್ಕೆ ಅಂಟಿಕೊಂಡ ಹಕ್ಕಿ, ಹೆಚ್ಚಾಗಿ 1,200 ಮೀಟರಿಗಿಂತ ಮೇಲೆ. ರಾಣಿಪುರದ ತುದಿ ಸಾವಿರದ ಆಸುಪಾಸು. ಆದರೂ ಇದರ ಬಗ್ಗೆ ಹೇಳದೆ ಇರಲಾರೆ. ಪಾಲಕ್ಕಾಡಿನ ಹತ್ತಿರ ಘಟ್ಟ ಸುಮಾರು 30-40 ಕಿಲೋಮೀಟರ್ ಅಗಲಕ್ಕೆ ತೆರೆದುಕೊಂಡಿದೆ. ನಮಗೆ ರೈಲಿನಲ್ಲಿ ಅದು ಅರ್ಧ ಗಂಟೆ. ಕಾಡಿನ ನೆರಳು ಬಿಟ್ಟು ಬಿಸಿಲಿಗೆ ಬರಲು ಒಲ್ಲದ ಈ ಪುಟ್ಟ ಹಕ್ಕಿಗೆ ಅದು ದಾಟಲಾಗದ ಕಡಲು. ಹಾಗಾಗಿ ಉತ್ತರದ್ದು ಒಂದು ಜಾತಿಯಾಗಿ, ದಕ್ಷಿಣದ್ದು ಬಿಳಿಹೊಟ್ಟೆಯ ಇನ್ನೊಂದು ಜಾತಿಯಾಗಿ ಬೇರೆ ಬೇರೆ ಉಳಿದವು. ಇವುಗಳ ಡಿಎನ್‌ಎ ನೋಡಿದ ವಿಜ್ಞಾನಿಗಳು ಇವು ಬೇರೆ ಯಾವ ರಾಬಿನ್ ಕುಲಕ್ಕೂ ಸೇರುವುದಿಲ್ಲ ಎಂದು 2017ರಲ್ಲಿ 'ಶೋಲಿಕೋಲಾ' ಎಂಬ ಹೊಸ ಕುಲವನ್ನೇ ಮಾಡಿದರು. ಶೋಲಾದಲ್ಲಿ ವಾಸ ಮಾಡುವುದು ಎಂದೇ ಅದರ ಅರ್ಥ. ನಾಚಿಕೆ ಎಂದು ನಾವು ಕರೆಯುವುದು ಅದಕ್ಕೆ ನಾಚಿಕೆ ಅಲ್ಲ. ನೆರಳೇ ಅದರ ಊರು, ಊರು ಬಿಟ್ಟು ಅದು ಎಲ್ಲಿಗೆ ಬರಬೇಕು?

ಕೊನೆಗೆ, ರಾಣಿಪುರ ಒತ್ತಟ್ಟಿಗಿರಲಿ, ನಿಮ್ಮ ಮನೆಯ ಹತ್ತಿರದ ನಾಗಬನದ ಮಾತು. ನಮ್ಮ ಕಡೆಯ ಬನಗಳಲ್ಲಿ ಕತ್ತಿ ಆಡುವುದಿಲ್ಲ. ಹಾಗಾಗಿ ಎಲೆ ಬಿದ್ದು ಬಿದ್ದು ನೆಲ ದಪ್ಪ ಆಗಿರುತ್ತದೆ. ಅಲ್ಲಿಗೆ ಚಳಿಗಾಲದಲ್ಲಿ ನವರಂಗ ಬರುತ್ತದೆ. ಹಿಮಾಲಯದ ತಪ್ಪಲು, ನಡು ಭಾರತದ ಕಾಡುಗಳಲ್ಲಿ ಮಳೆಗಾಲಕ್ಕೆ ಮರಿ ಮಾಡಿ, ರಾತ್ರಿ ರಾತ್ರಿ ಹಾರಿ ಇಲ್ಲಿಗೆ ಬರುವ ಹಕ್ಕಿ. ಬಳಲಿಕೆಯಿಂದ ಕೆಲವೊಮ್ಮೆ ಮನೆಯಂಗಳಕ್ಕೇ ಬಿದ್ದಿರುತ್ತದೆ. ಹಾಗೆ ಸಿಕ್ಕಿದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಡಿ, ಬಾಯಿಗೆ ನೀರು ಹೊಯ್ಯಬೇಡಿ, ಚೇತರಿಸಿಕೊಂಡರೆ ಬನದ ಬದಿಯಲ್ಲಿ ಬಿಡಿ. ಏಳದೆ ಹೋದರೆ ಅರಣ್ಯ ಇಲಾಖೆಗೆ ತಿಳಿಸಿ. ಹಗಲಲ್ಲಿ ಅದು ಎಲೆಯಡಿ ಹುಳ ಹುಡುಕುತ್ತಾ ಸುಮ್ನೆ ಇರುತ್ತದೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎರಡು ದನಿಯ ಸ್ಪಷ್ಟ ಸಿಳ್ಳೆ. ಗಡಿಯಾರ ಇಟ್ಟ ಹಾಗೆ ಕೂಗುವುದರಿಂದ ತಮಿಳರು ಇದಕ್ಕೆ ಆರುಮಣಿ ಕುರುವಿ, ಅಂದರೆ ಆರು ಗಂಟೆಯ ಹಕ್ಕಿ, ಎಂದು ಹೆಸರಿಟ್ಟಿದ್ದಾರೆ.

ಅಕ್ಟೋಬರ್ ಬಂದ ಮೇಲೆ ಸಂಜೆ ಆರಕ್ಕೆ ಬನದ ಹೊರಗೆ ನಿಂತು ಕೇಳುತ್ತಾ ಬನ್ನಿ. ಬೈನಾಕ್ಯುಲರ್ ಬೇಡ. ಮೊದಲು ಕೇಳಿದ್ದು ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಂಡು ನನಗೂ ಒಂದು ಸಾಲು ಹಾಕಿ. ನಾನು ನನ್ನ ತೋಟದ ಮೇಲ್ಬದಿಯಲ್ಲಿ ಕೇಳಿದ ದಿನವನ್ನು ನಿಮಗೆ ತಿಳಿಸುತ್ತೇನೆ.